ಕೊರೋನಾ ಕಾಲದಲ್ಲಿ ಗೋಡೆ, ರಸ್ತೆಗಳಲ್ಲಿ ಬರೆದ ಧೈರ್ಯದ ಮಾತುಗಳಿಂದ ನಿಜಕ್ಕೂ ಪ್ರಯೋಜನ ಆಯಿತಾ?
ಆ ಚಿತ್ರಗಳು, ಬರಹಗಳು ಬರೀ ಫೋಟೋಗೆ ಆದವಾ, ಯಾರಿಗಾದರೂ ಧೈರ್ಯ ಕೊಟ್ಟವಾ ಎಂದು ಕೇಳಿದ್ದೀರಿ. ಕೊಟ್ಟಿವೆ. ನಾನು ಉಡುಪಿಯವಳು, ನಮ್ಮ ವಠಾರದಲ್ಲೇ ನೋಡಿದ್ದೇನೆ. ಆಗ ಎಷ್ಟೋ ಊರುಗಳ ಸರ್ಕಲ್‌ಗಳಲ್ಲಿ ಕೊರೋನಾ ರಾಕ್ಷಸನ ದೊಡ್ಡ ಚಿತ್ರ ಬರೆದಿದ್ದರು. ಅದು ಜನರನ್ನು ಎಚ್ಚರಿಸಿತು, ಸರಿ. ಧೈರ್ಯ ಬಂದದ್ದು ಮಾತ್ರ ಪಕ್ಕದ ಮನೆಯವರ ಕೈಬರಹದಿಂದ.

ಆಗಿನ ಹೆದರಿಕೆ ಹೇಗಿತ್ತು ಅಂತ ಹೇಳಿದರೆ ಇದು ಅರ್ಥವಾದೀತು. 2020ರ ಏಪ್ರಿಲ್ ಕೊನೆಗೆ ಉಡುಪಿ ಹಸಿರು ವಲಯ, ಅಂದರೆ ಹೊಸ ಪ್ರಕರಣಗಳಿಲ್ಲದ ಜಿಲ್ಲೆ. ಮೇ ತಿಂಗಳಲ್ಲಿ ಮುಂಬೈಯಲ್ಲಿದ್ದ ನಮ್ಮವರು ಊರಿಗೆ ಬರತೊಡಗಿದರು. ಹೋಟೆಲ್‌ಗಳಲ್ಲಿ ದುಡಿಯುತ್ತಿದ್ದವರು ಅವರಲ್ಲಿ ತುಂಬಾ ಜನ. ಜೂನ್ ಮೊದಲ ವಾರಕ್ಕೆ ರಾಜ್ಯದಲ್ಲೇ ಅತಿ ಹೆಚ್ಚು ಪ್ರಕರಣ ನಮ್ಮ ಜಿಲ್ಲೆಯಲ್ಲಿ. ಊರಿನ ದೈವದ ಕೋಲಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂಬೈಯವರ ಹಣ ಬೇಕಿತ್ತು. ಅವರೇ ಬಂದು ನಿಂತಾಗ ಜನ ಮುಖ ತಿರುಗಿಸಿದರು. ಇದು ನನಗೆ ಇವತ್ತಿಗೂ ನೋವು.

ನಮ್ಮ ವಠಾರಕ್ಕೂ ಹಾಗೆ ಒಂದು ಕುಟುಂಬ ಬಂತು. ಸರ್ಕಾರಿ ಕ್ವಾರಂಟೈನ್ ಮುಗಿಸಿಯೇ ಬಂದವರು. ಆದರೂ ಇನ್ನಷ್ಟು ದಿನ ಮನೆಯೊಳಗೇ ಇರಬೇಕಿತ್ತು. ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದರು. ಆ ಚೀಟಿ ನೋಡಿ ಹಾಲಿನವನೂ ಆ ಕಡೆ ಹೋಗುವುದನ್ನು ನಿಲ್ಲಿಸಿದ. (ಸಂಬಂಧಪಟ್ಟ ಸರ್ಕಾರಿ ಪ್ರಾಧಿಕಾರದ ನಿರ್ದಿಷ್ಟ ಆದೇಶ ಇಲ್ಲದೆ ರೋಗಿಗಳ ಮನೆಗೆ ಹೀಗೆ ಚೀಟಿ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರ್‌ನಲ್ಲಿ.)

ಆಗ ಎದುರು ಮನೆಯ ಹುಡುಗಿ ಅವರ ಗೇಟಿಗೆ ಒಂದು ಸ್ಲೇಟು ಕಟ್ಟಿದಳು. ‘ಅಕ್ಕಾ, ಹಾಲು, ತರಕಾರಿ, ಮದ್ದು ಏನು ಬೇಕೋ ಇದರಲ್ಲಿ ಬರೆಯಿರಿ’ ಅಂತ. ಕೆಳಗೆ ತುಳುವಿನಲ್ಲಿ ‘ಪೋಡ್ಯೊಡ್ಚಿ, ಎಂಕುಲು ಉಲ್ಲ’, ಅಂದರೆ ಹೆದರಬೇಡಿ, ನಾವಿದ್ದೇವೆ. ಮರುದಿನ ಉಳಿದ ಮಕ್ಕಳು ಸೇರಿ ಆ ಗೇಟಿನ ಎದುರು ರಸ್ತೆಯಲ್ಲಿ ರಂಗೋಲಿ ಹುಡಿಯಿಂದ ಯಕ್ಷಗಾನದ ಕಿರೀಟ, ಮೀನು, ದೋಣಿ ಎಲ್ಲ ಬರೆದರು. ಒಳಗಿದ್ದ ಪುಟ್ಟ ಹುಡುಗ ಸಿಟೌಟಿನಲ್ಲಿ ನಿಂತು, ಇನ್ನು ಆನೆ ಬರೆಯಿರಿ, ಬಸ್ಸು ಬರೆಯಿರಿ ಎಂದು ಕೂಗುತ್ತಿದ್ದ. ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತಿತ್ತು. ಮತ್ತೆ ಬರೆಯುತ್ತಿದ್ದರು. ದೊಡ್ಡವರು ಒಬ್ಬೊಬ್ಬರಾಗಿ ಆ ಗೇಟಿನ ಹತ್ತಿರ ನಿಂತು ಮಾತಾಡಲು ಶುರು ಮಾಡಿದ್ದು ಆಮೇಲೆಯೇ.

ಇಟಲಿಯಲ್ಲಿ 2020ರ ಮಾರ್ಚ್‌ನಲ್ಲಿ ಮಕ್ಕಳು ಕಾಮನಬಿಲ್ಲು ಬರೆದು, ‘ಎಲ್ಲಾ ಸರಿಹೋಗುತ್ತದೆ’ ಎಂದು ಬಾಲ್ಕನಿಗಳಲ್ಲಿ ತೂಗುಹಾಕಿದ್ದರು. ಅಲ್ಲಿ ಬಾಲ್ಕನಿಗಳು ಎದುರುಬದುರು. ನಮ್ಮಲ್ಲಿ ಮನೆಗಳೆಲ್ಲ ತೆಂಗಿನ ಮರಗಳ ಹಿಂದೆ, ಅಲ್ವಾ? ಹಾಗಾಗಿ ಗೇಟು, ರಸ್ತೆಗಳಲ್ಲೇ ಬರೆಯಬೇಕಾಯಿತು.

2021ರ ಎರಡನೇ ಅಲೆ ಬಂದಾಗ ಚಿತ್ರ ಬರೆಯುವ ಮನಸ್ಸು ಯಾರಿಗೂ ಇರಲಿಲ್ಲ. ಆದರೆ ನಮ್ಮ ದಿನಸಿ ಅಂಗಡಿಯ ಗೋಡೆಯಲ್ಲಿ ಒಂದು ಕಾಗದ ಅಂಟಿತ್ತು. ಆಕ್ಸಿಮೀಟರ್ ಯಾರ ಮನೆಯಲ್ಲಿದೆ, ರಾತ್ರಿ ಆಸ್ಪತ್ರೆಗೆ ಕಾರು ಯಾರು ತರುತ್ತಾರೆ, ಗಂಜಿ ಊಟ ಎಲ್ಲಿ ಸಿಗುತ್ತದೆ, ಎಲ್ಲದಕ್ಕೂ ಹೆಸರು, ಫೋನ್ ನಂಬರ್. ಮೊದಲ ಹೆಸರು ಆ ಮುಂಬೈ ಕುಟುಂಬದ ಯಜಮಾನರದ್ದು. ನನ್ನ ಅಪ್ಪನಿಗೆ ಉಸಿರು ಕಟ್ಟಿದ ರಾತ್ರಿ ನಾನು ಫೋನ್ ಮಾಡಿದ್ದು ಅವರಿಗೇ.