ಪ್ರತಿಕ್ರಿಯೆ: ಹಾಸಿಗೆ ಹಿಡಿದ ತಂದೆಯನ್ನು ಆರೈಕೆ ಕೇಂದ್ರಕ್ಕೆ ಸೇರಿಸುವುದು ಯಾವಾಗ?
ಲಕ್ವ ಹೊಡೆದು ಮಲಗಿರುವ ತಂದೆಯವರನ್ನು 68ರ ತಾಯಿ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ, ಆರೈಕೆ ಕೇಂದ್ರಕ್ಕೆ ಸೇರಿಸುವ ಸಮಯ ಬಂತೇ ಎಂದು ಕೇಳಿದ್ದೀರಿ. ಹಗಲಿಗಿಂತ ರಾತ್ರಿಯ ಲೆಕ್ಕ ಹಾಕಿ ಸರ್. ತಾವಾಗಿ ಮಗ್ಗುಲು ಬದಲಿಸಲಾಗದವರನ್ನು ಸುಮಾರು 2 ಗಂಟೆಗೊಮ್ಮೆ ಹೊರಳಿಸಬೇಕು. ತಪ್ಪಿದರೆ ಸೊಂಟದ ಹಿಂಭಾಗ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಕೆಂಪಾದ ಜಾಗವನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ: ಬಿಳಿಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಚರ್ಮದಲ್ಲಿ ಇದು ಸುಲಭಕ್ಕೆ ಕಾಣದು, ಬಿಸಿಯೋ ಗಟ್ಟಿಯೋ ಎಂದು ಮುಟ್ಟಿ ನೋಡಿ.

ಗಂಜಿ ಕುಡಿಸುವಾಗ ಪದೇ ಪದೇ ಕೆಮ್ಮು ಬಂದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಅದಕ್ಕೆ ಮೊದಲು ಡಾಕ್ಟರು, ಕೇಂದ್ರದ ಮಾತು ಆಮೇಲೆ.

ರಾತ್ರಿ ಪಾಳಿಗೊಬ್ಬ ಸಹಾಯಕರನ್ನಿಟ್ಟು, ಏರ್ ಬೆಡ್ ಹಾಕಿ ಎರಡು ವಾರ ನೋಡಿ. ಆಗಲೂ ಹುಣ್ಣು ಹೆಚ್ಚಿದರೆ, ಆಹಾರ ಕೊಡುವ ಮೂಗಿನ ನಳಿಕೆ, ಕ್ಯಾತಿಟರ್ (ಮೂತ್ರದ ನಳಿಕೆ) ನೋಡಿಕೊಳ್ಳುವವರು ಸಿಗದಿದ್ದರೆ, ಅಥವಾ ಅಮ್ಮನೇ ತಲೆಸುತ್ತಿ ಬೀಳುವಂತಾದರೆ ತಡಮಾಡಬೇಡಿ. ಜನ ಏನಂತಾರೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬೇಡ.

ಹಲವು ವೃದ್ಧಾಶ್ರಮಗಳು ಓಡಾಡುವವರನ್ನಷ್ಟೇ ಸೇರಿಸಿಕೊಳ್ಳುತ್ತವೆ, ಫೋನಲ್ಲೇ ವಿಚಾರಿಸಿ. ನೋಡಲು ಹೋದಾಗ ರಾತ್ರಿ ಎಷ್ಟು ನರ್ಸ್‌ಗಳಿರುತ್ತಾರೆ ಎಂದು ಕೇಳಿ, ಹೊರಳಿಸಿದ ಸಮಯ ಬರೆದಿಡುವ ಪುಸ್ತಕ ತೋರಿಸಲು ಹೇಳಿ. ಡೈಪರ್, ಔಷಧಿಯ ಖರ್ಚು ತಿಂಗಳ ಶುಲ್ಕದಲ್ಲಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಹಿರಿಯರ ಸಹಾಯವಾಣಿ 14567ರಲ್ಲೂ ಮಾಹಿತಿ ಸಿಗುತ್ತದೆ.