ಐರ್ಲೆಂಡಿನ ಮುಳ್ಳುಮರ, ನಮ್ಮ ನಾಗಬನ

ಪ್ರಶ್ನೆ: ನನ್ನ ಮಗಳು ಐರ್ಲೆಂಡಿನಲ್ಲಿ ನರ್ಸ್. ಅವಳ ಬಾಡಿಗೆ ಮನೆಯ ಹಿತ್ತಿಲಲ್ಲಿ ಒಂದು ಒಂಟಿ ಮುಳ್ಳಿನ ಮರ ಉಂಟಂತೆ. ಮೇ ತಿಂಗಳಲ್ಲಿ ಬಿಳಿ ಹೂ ಬಿಟ್ಟಿತ್ತು ಅಂತ ಒಂದು ಗೊಂಚಲು ತಂದು ಲೋಟದಲ್ಲಿ ಇಟ್ಟಳು. ಪಕ್ಕದ ಮನೆಯ ಅಜ್ಜಿ ನೋಡಿ ಗಾಬರಿಯಾಗಿ ಹೊರಗೆ ಹಾಕಿಸಿದರಂತೆ. ಅಷ್ಟು ಮುಂದುವರಿದ ದೇಶದಲ್ಲೂ ಇಂಥದ್ದೆಲ್ಲ ಇದೆಯಾ?
- ಒಬ್ಬ ತಾಯಿ, ಬದಿಯಡ್ಕ

ಉತ್ತರ: ಇದೆ ಅಕ್ಕಾ, ಜೋರಾಗಿಯೇ ಇದೆ. ಆ ಮರದ ಹೆಸರು ಹಾಥಾರ್ನ್. ಅದರ ಹೂ ಮನೆಯೊಳಗೆ ತಂದರೆ ಸಾವು ಬರುತ್ತದೆ ಅಂತ ಅಲ್ಲಿನ ಹಳಬರ ನಂಬಿಕೆ. ಅಜ್ಜಿ ಸುಮ್ನೆ ಹೆದರಿದ್ದಲ್ಲ. ಆ ಹೂವಿನಲ್ಲಿ ಟ್ರೈಮೀಥೈಲಮೈನ್ ಎಂಬ ರಾಸಾಯನಿಕ ಇರುತ್ತದೆ, ಕೊಳೆಯುವ ಮಾಂಸದಲ್ಲೂ ಅದೇ ಹುಟ್ಟುವುದು. ಮಧ್ಯಾಹ್ನ ಕಳೆದ ಮೇಲೆ ಮೀನು ಮಾರ್ಕೆಟ್ಟಿಗೆ ಹೋದವರಿಗೆ ಆ ವಾಸನೆ ಗೊತ್ತಿರುತ್ತದೆ. ಹೆಣವನ್ನು ಮನೆಯಲ್ಲೇ ಇಟ್ಟು ರಾತ್ರಿಯಿಡೀ ಕಾಯುತ್ತಿದ್ದ ಜನಕ್ಕೆ ಈ ಹೂ ಮೂಸಿದಾಗ ಏನು ನೆನಪಾಗಿರಬೇಕು ಹೇಳಿ.

ಮರದ ಕತೆ ಇನ್ನೊಂದು. ಒಂಟಿ ಹಾಥಾರ್ನ್ ಅಂದರೆ ಅದು ಫೇರಿಗಳ, ಅಂದರೆ ಕಣ್ಣಿಗೆ ಕಾಣದ ಮಾಯಾಜೀವಿಗಳ ಜಾಗ, ಕತ್ತಿ ಮುಟ್ಟಿಸಬಾರದು. ಫೇರಿ ಅಂದರೆ ರೆಕ್ಕೆಯ ಪುಟ್ಟ ಹುಡುಗಿ ಅಂದುಕೊಳ್ಳಬೇಡಿ, ಇವರು ಮುನಿದರೆ ದನ ಸಾಯುತ್ತದೆ, ಮಗು ಕಾಯಿಲೆ ಬೀಳುತ್ತದೆ. ಹೆಸರು ಹಿಡಿದು ಕರೆಯಲೂ ಭಯ, ಅದಕ್ಕೇ ‘ಒಳ್ಳೆಯವರು’ ಅನ್ನುತ್ತಾರೆ. ತಮಿಳರು ನಾಗರಹಾವಿಗೆ ‘ನಲ್ಲ ಪಾಂಬು’, ಅಂದರೆ ಒಳ್ಳೆಯ ಹಾವು, ಅನ್ನುವ ಹಾಗೆಯೇ ಅಲ್ವಾ?

1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್ ಎಂಬಲ್ಲಿ ಹೆದ್ದಾರಿಗೆ ಇಂಥದ್ದೇ ಒಂದು ಗಿಡ ಅಡ್ಡ ಬಂತು. ಎಡ್ಡಿ ಲೆನಿಹಾನ್ ಎಂಬ ಕತೆಗಾರರು ಪಟ್ಟು ಹಿಡಿದರು, ದಕ್ಷಿಣದ ಮನ್‌ಸ್ಟರ್ ಪ್ರಾಂತ್ಯದ ಫೇರಿಗಳು ಪಶ್ಚಿಮದ ಕೊನಾಟ್ ಪ್ರಾಂತ್ಯದ ಫೇರಿಗಳ ಜೊತೆ ಯುದ್ಧಕ್ಕೆ ಹೋಗುವಾಗ ಇಲ್ಲೇ ಸೇರುವುದು, ಕಡಿದರೆ ರಸ್ತೆಯಲ್ಲಿ ಸಾವುಗಳಾಗುತ್ತವೆ ಅಂತ. ಗಿಡ ಉಳಿಯಿತು. ನಮ್ಮ 66ನೇ ಹೆದ್ದಾರಿ ಅಗಲ ಮಾಡುವಾಗ ಹೋದ ಮರಗಳಿಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ನಮ್ಮಲ್ಲಿ ನಾಗಬನದ ಮರಕ್ಕೆ ಮಾತ್ರ ಆ ಮರ್ಯಾದೆ.

ಎಲ್ಲ ನಂಬಿಕೆಯೂ ಹೀಗೆ ಮುದ್ದಾಗಿಲ್ಲ. ಮೀನು ಹಿಡಿಯಲು ಹೊರಟವನಿಗೆ ಕೆಂಪು ಕೂದಲಿನ ಹೆಂಗಸು ಎದುರಾದರೆ ಅಪಶಕುನ, ಮನೆಗೆ ವಾಪಸ್! ಇಲ್ಲಿ ಗಂಡ ಸತ್ತವಳು ಎದುರು ಬಂದರೆ ಮುಖ ತಿರುಗಿಸುವವರು ನೆನಪಾದರು. ಎರಡೂ ಒಂದೇ ದರಿದ್ರ.

ಮಗಳಿಗೆ ಹೇಳಿ, ಮರ ಮುಟ್ಟುವುದು ಬೇಡ, ಹೇಗೂ ಅದು ಮನೆ ಓನರಿನದ್ದು. ಒಂಟಿ ಮ್ಯಾಗ್‌ಪೈ ಹಕ್ಕಿ ಕಂಡರೆ ಅಜ್ಜಿಯ ಎದುರು ಅದಕ್ಕೊಂದು ನಮಸ್ಕಾರ ಹಾಕಲಿ. ಒಂದು ಕಂಡರೆ ದುಃಖ, ಎರಡು ಕಂಡರೆ ಸಂತೋಷ ಅಂತ ಲೆಕ್ಕ. ಕೆಲವರು ‘ಹೆಂಡತಿ ಹೇಗಿದ್ದಾಳೆ ಸ್ವಾಮಿ’ ಅಂತ ಹಕ್ಕಿಯನ್ನೇ ವಿಚಾರಿಸುತ್ತಾರೆ!

ಪ್ರಶ್ನೆ: ಕುದುರೆ ಲಾಳ ಬಾಗಿಲಿಗೆ ಹೊಡೆಯುವಾಗ ಬಾಯಿ ಮೇಲೋ ಕೆಳಗೋ?
- ಒಬ್ಬ ಓದುಗ, ಮಂಜೇಶ್ವರ

ಉತ್ತರ: ಐರ್ಲೆಂಡಿನಲ್ಲಿ ಸಾಮಾನ್ಯವಾಗಿ ಬಾಯಿ ಮೇಲೆ, ಇಲ್ಲದಿದ್ದರೆ ಅದೃಷ್ಟ ಸೋರಿಹೋಗುತ್ತದಂತೆ. ಫೇರಿಗಳಿಗೆ ಕಬ್ಬಿಣ ಆಗದು, ಅದಕ್ಕೇ ಹಿಂದೆ ತೊಟ್ಟಿಲಿನ ಮೇಲೆ ಬೆಂಕಿಯ ಇಕ್ಕಳ ಅಡ್ಡ ಇಡುತ್ತಿದ್ದರು. ಮೇಲೋ ಕೆಳಗೋ, ಮೊಳೆ ಮಾತ್ರ ಗಟ್ಟಿ ಹೊಡೆಯಿರಿ ಮಾರಾಯ್ರೆ.