ಬಿಯರ್‌ಗಿಂತ ಮೊದಲು ಹಾಪ್ಸ್ ಕೆಗ್‌ಗೆ ಇಳಿಯಲಿ

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದ ಕಡೆಯವನು. ಈಗ ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿದ್ದೇನೆ. ಎರಡು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡುತ್ತಿದ್ದೇನೆ. ಈ ಸಲ 19 ಲೀಟರ್ ಹೇಜಿ ಐಪಿಎ ಎಂಬ ಮಬ್ಬು ಬಿಯರ್ ಮಾಡಿ ಕೆಗ್‌ಗೆ (ಒತ್ತಡ ತಡೆಯುವ ಸ್ಟೀಲ್ ಪೀಪಾಯಿ) ತುಂಬಿದೆ. ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಕೊಟ್ಟು ಒಂದು ವಾರ ಬಿಟ್ಟು, ಮುಚ್ಚಳ ತೆಗೆದು, ಬಟ್ಟೆ ಚೀಲದಲ್ಲಿ 100 ಗ್ರಾಂ ಸಿಟ್ರಾ ತಳಿಯ ಹಾಪ್ಸ್ ಪೆಲೆಟ್ (ಪುಡಿ ಒತ್ತಿ ಮಾಡಿದ ಗುಳಿಗೆ) ಹಾಕಿದೆ. ನೊರೆ ಉಕ್ಕಿ ಗ್ಯಾರೇಜೆಲ್ಲ ಚೆಲ್ಲಿತು. ಮೊದಲ ವಾರ ಮಾವಿನಹಣ್ಣಿನ ಘಮ ಚೆನ್ನಾಗಿತ್ತು. ಮೂರನೇ ವಾರಕ್ಕೆ ಬಣ್ಣ ಕಂದಿತು, ಘಮ ಹೋಯಿತು, ನೆಂದ ರಟ್ಟಿನ ವಾಸನೆ ಬರುತ್ತಿದೆ. ನಲ್ಲಿಯೂ ಆಗಾಗ ಕಟ್ಟಿಕೊಳ್ಳುತ್ತದೆ. ಕೆಗ್‌ನಲ್ಲಿ ಹಾಪ್ಸ್ ಹಾಕಲೇಬಾರದಾ? ಈ ಬಿಯರನ್ನು ಸರಿಮಾಡಬಹುದಾ?

ಉತ್ತರ: ಈ ಬಿಯರನ್ನು ಸರಿಮಾಡಲು ಆಗುವುದಿಲ್ಲ. ಇನ್ನಷ್ಟು ಹಾಪ್ಸ್ ಸುರಿದರೂ ರಟ್ಟಿನ ವಾಸನೆ ಹೋಗದು, ಹಾಪ್ಸ್ ಸುಮ್ನೆ ದಂಡ. ಆದರೆ ಕೆಗ್‌ನಲ್ಲಿ ಹಾಪ್ಸ್ ಹಾಕಿದ್ದು ತಪ್ಪಲ್ಲ. ಬಿಯರ್ ತುಂಬಿದ ಮೇಲೆ ಮುಚ್ಚಳ ತೆಗೆದದ್ದು ತಪ್ಪು. ನಿಮ್ಮ ಮೂರೂ ತೊಂದರೆಗಳಲ್ಲಿ ಎರಡು ಅಲ್ಲಿಂದಲೇ ಬಂದಿವೆ.

ಇದರ ಪರಿಚಯ ಇಲ್ಲದವರಿಗೆ ಒಂದು ಮಾತು. ಹಾಪ್ಸ್ ಎನ್ನುವುದು ಒಂದು ಬಳ್ಳಿಯ ಹೂವು. ಕುದಿಸಿದರೆ ಕಹಿ ಬಿಡುತ್ತದೆ, ಕುದಿಸದೆ ತಣ್ಣಗಿನ ಬಿಯರ್‌ಗೆ ಹಾಕಿದರೆ ಘಮ ಬಿಡುತ್ತದೆ. ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಹಾಕುತ್ತೇವಲ್ಲ, ಹಾಗೆ. ಇದನ್ನೇ ಡ್ರೈ ಹಾಪಿಂಗ್ ಎನ್ನುವುದು. ವರ್ಮಾಂಟ್ ಕಡೆಯಿಂದ ಹೆಸರಾದ ಹೇಜಿ ಐಪಿಎ ನಿಂತಿರುವುದೇ ಈ ಘಮದ ಮೇಲೆ. ಅದಕ್ಕೇ ಈ ಬಿಯರ್ ಕೆಟ್ಟರೆ ಬೇಗ ಗೊತ್ತಾಗುತ್ತದೆ.

ಕೆಡಿಸುವುದು ಗಾಳಿಯ ಆಮ್ಲಜನಕ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತದೆ, ಅಲ್ವಾ? ಇಲ್ಲಿಯೂ ನಡೆಯುವುದು ಹೆಚ್ಚುಕಡಿಮೆ ಅದೇ. ಹಾಪ್ಸ್‌ನಲ್ಲಿ ಗಾಳಿ ತಾಗಿದರೆ ಬಣ್ಣ ಕೆಡುವ ಪಾಲಿಫಿನಾಲ್‌ಗಳಿವೆ, ಜೊತೆಗೆ ಈ ಕೆಲಸವನ್ನು ಚುರುಕುಗೊಳಿಸುವ ಮ್ಯಾಂಗನೀಸ್ ಕೂಡ ಇದೆ. ಹಾಗಾಗಿ ಹಾಪ್ಸ್ ಜಾಸ್ತಿ ಇದ್ದಷ್ಟೂ ಬಿಯರ್ ಗಾಳಿಗೆ ಸೂಕ್ಷ್ಮ. ಮುಚ್ಚಳ ತೆಗೆದಾಗ ಒಂದಷ್ಟು ಗಾಳಿ ಹೋಯಿತು. ಚೀಲದ ಪೆಲೆಟ್‌ಗಳ ಸಂದಿಯಲ್ಲಿದ್ದ ಗಾಳಿ ನೇರ ಬಿಯರ್ ಒಳಗೇ ಮುಳುಗಿತು. ‘ಕಾರ್ಬನ್ ಡೈಆಕ್ಸೈಡ್ ಭಾರ, ಬಿಯರ್ ಮೇಲೆ ಕಂಬಳಿಯ ಹಾಗೆ ಕೂತಿರುತ್ತದೆ’ ಎಂದು ಬಹಳ ಜನ ಹೇಳುತ್ತಾರೆ. ನಾನೂ ಮೊದಮೊದಲು ನಂಬಿದ್ದೆ, ಎರಡು ಕೆಗ್ ಒಳ್ಳೆಯ ಬಿಯರ್ ಕಳೆದುಕೊಂಡೆ. ಆ ಕಂಬಳಿ ನಿಲ್ಲುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಗಾಳಿ ಬೆರೆಯಲು ಶುರುವಾಗುತ್ತದೆ.

ನೊರೆ ಉಕ್ಕಿದ ಕಾರಣ ಸುಲಭ. ಸೋಡಾಕ್ಕೆ ಉಪ್ಪು ಹಾಕಿದರೆ ಏನಾಗುತ್ತದೆ? ಬಿಯರ್‌ನಲ್ಲಿ ಕರಗಿದ್ದ ಗ್ಯಾಸಿಗೆ ಪೆಲೆಟ್‌ನ ಒರಟು ಪುಡಿ ಗುಳ್ಳೆ ಕಟ್ಟುವ ಜಾಗವಾಯಿತು, ಎಲ್ಲ ಒಟ್ಟಿಗೇ ಹೊರಗೆ ಬಂತು.

ಹಾಗಾದರೆ ಏನು ಮಾಡಬೇಕು? ಕ್ರಮ ತಿರುಗಿಸಿ. ಖಾಲಿ ಕೆಗ್‌ನಲ್ಲಿ ಮೊದಲು ಹಾಪ್ಸ್ ಇಡಿ, ಮುಚ್ಚಳ ಹಾಕಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕಿ. ಆಮೇಲೆ ಪೈಪಿನಲ್ಲಿ ಬಿಯರ್ ತುಂಬಿ. ಅಲ್ಲಿಂದ ಕೊನೆಯ ಲೋಟದವರೆಗೂ ಮುಚ್ಚಳ ತೆಗೆಯುವ ಪ್ರಸಂಗವೇ ಬರುವುದಿಲ್ಲ. ಬಿಯರ್‌ನಲ್ಲಿ ಇನ್ನೂ ಗ್ಯಾಸ್ ತುಂಬಿರದ ಕಾರಣ ನೊರೆಯೂ ಉಕ್ಕುವುದಿಲ್ಲ.

ಗಾಳಿ ಹೊರಹಾಕಲು ಎರಡು ದಾರಿ. ಒಂದು, ಸಿಲಿಂಡರ್‌ನಿಂದ 30 ಪಿಎಸ್‌ಐ ಒತ್ತಡ ಕೊಟ್ಟು, ವಾಲ್ವ್ ಎಳೆದು ಬಿಡುವುದು. ಪ್ರತಿ ಸಲ ಒಳಗಿನ ಆಮ್ಲಜನಕ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 10 ಸಲ ಮಾಡಿದರೆ ಮೊದಲಿದ್ದುದರ ಸುಮಾರು 59,000ದಲ್ಲಿ ಒಂದು ಭಾಗ ಉಳಿಯುತ್ತದೆ, ಅಷ್ಟು ಸಾಕು. ಆದರೆ ಖಾಲಿ ಕೆಗ್‌ಗೆ ಒಂದೊಂದು ಸಲಕ್ಕೂ ಹತ್ತಿರಹತ್ತಿರ 70 ಗ್ರಾಂ ಗ್ಯಾಸ್ ಬೇಕು. ಎರಡೂಕಾಲು ಕಿಲೋದ ಸಿಲಿಂಡರ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಇದಕ್ಕೇ ಖರ್ಚು.

ಎರಡನೆಯ ದಾರಿ ನನಗೆ ಬಹಳ ಇಷ್ಟ. ನಿಮ್ಮ ಯೀಸ್ಟ್ ಬಿಟ್ಟಿಯಾಗಿ ಗ್ಯಾಸ್ ಕೊಡುತ್ತಿದೆ! ಆರೂವರೆ ಶೇಕಡಾ ಆಲ್ಕೋಹಾಲ್ ಬರುವ 19 ಲೀಟರ್ ಬಿಯರ್ ಹುದುಗುವಾಗ ಸುಮಾರು 500 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅದನ್ನು ಸುಮ್ನೆ ಗಾಳಿಗೆ ಬಿಡುವ ಬದಲು ಫರ್ಮೆಂಟರ್‌ನಿಂದ (ಬಿಯರ್ ಹುದುಗುವ ಪಾತ್ರೆ) ಪೈಪ್ ಎಳೆದು, ಹಾಪ್ಸ್ ಇಟ್ಟ ಕೆಗ್‌ನ ಬಿಯರ್ ಬರುವ ಕಡೆಗೆ ಜೋಡಿಸಿ. ಗ್ಯಾಸ್ ಡಿಪ್ ಟ್ಯೂಬ್‌ನಿಂದ (ಕೆಗ್ ತಳದಿಂದ ಬಿಯರ್ ಎಳೆಯುವ ಕೊಳವೆ) ತಳಕ್ಕೆ ಇಳಿದು, ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಗ್ಯಾಸ್ ಕಡೆಯ ಬಾಯಿಂದ ಇನ್ನೊಂದು ಪೈಪನ್ನು ನೀರಿನ ಡಬ್ಬಿಗೆ ಬಿಡಿ. ಮೊದಲ ಒಂದೂವರೆ ದಿನ ನೊರೆ ಜೋರಾಗಿರುತ್ತದೆ, ಅದು ಪೈಪ್ ಹತ್ತಿ ಹಾಪ್ಸ್ ಮೇಲೆ ಬೀಳಬಾರದು. ನೊರೆ ಇಳಿದ ಮೇಲೆ ಜೋಡಿಸಿದರೂ ಪರವಾಗಿಲ್ಲ. ಅರ್ಧ ಗ್ಯಾಸ್ ಹಾದುಹೋದರೂ ಕೆಗ್ ಹತ್ತಕ್ಕೂ ಹೆಚ್ಚು ಸಲ ತೊಳೆದ ಹಾಗೆ.

ಕೆಗ್‌ಗೆ ತುಂಬುವ ಮೊದಲು ಬಿಯರಿನ ಸಾಂದ್ರತೆ ಎರಡು ಮೂರು ದಿನ ಒಂದೇ ಕಡೆ ನಿಂತಿರಬೇಕು, ಅಂದರೆ ಹುದುಗುವುದು ಮುಗಿದಿರಬೇಕು, ಬೆಣ್ಣೆಯ ವಾಸನೆ ಇರಬಾರದು. ಇದನ್ನು ಒತ್ತಿ ಹೇಳಲು ಕಾರಣ ಇದೆ. ಹಾಪ್ಸ್‌ನಲ್ಲಿ ಕಿಣ್ವಗಳಿವೆ. ಯೀಸ್ಟ್ ತಿನ್ನಲಾಗದೆ ಬಿಟ್ಟಿದ್ದ ಪಿಷ್ಟದ ತುಂಡುಗಳನ್ನು ಅವು ಸಕ್ಕರೆ ಮಾಡಿಬಿಡುತ್ತವೆ, ಯೀಸ್ಟ್ ಮತ್ತೆ ಎದ್ದು ಕೂರುತ್ತದೆ. 1893ರಲ್ಲೇ ಬ್ರೌನ್ ಮತ್ತು ಮಾರಿಸ್ ಎಂಬ ಇಂಗ್ಲಿಷ್ ರಸಾಯನ ವಿಜ್ಞಾನಿಗಳು ಇದನ್ನು ಬರೆದಿದ್ದರು. ಈಗ ಇದಕ್ಕೆ ಹಾಪ್ ಕ್ರೀಪ್ ಎನ್ನುತ್ತಾರೆ. ಕೆಗ್ 3–4 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಇದರ ಆಟ ನಡೆಯುವುದಿಲ್ಲ. ಆದರೆ ಆ ಕೆಗ್‌ನಿಂದ ಬಾಟಲಿಗೆ ತುಂಬಿ ಬೆಚ್ಚಗಿನ ಕಾರಿನಲ್ಲಿ ಬಿಡಬೇಡಿ. ಒತ್ತಡ ಏರಿ ಬಾಟಲಿ ಒಡೆಯಬಹುದು.

ಎಷ್ಟು ಹಾಕಬೇಕು? ನಿಮ್ಮೂರಿಗೆ ಹತ್ತಿರದ ಕೊರ್ವಾಲಿಸ್‌ನಲ್ಲಿ ಆರೆಗಾನ್ ಸ್ಟೇಟ್ ಯೂನಿವರ್ಸಿಟಿ ಇದೆ. ಅಲ್ಲಿ ಲಫಾಂಟೇನ್ ಮತ್ತು ಶೆಲ್‌ಹ್ಯಾಮರ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಹಣ್ಣಿನ ಘಮಕ್ಕಿಂತ ಸೊಪ್ಪು, ಟೀ ಎಲೆಯ ವಾಸನೆ ಮೇಲಾಯಿತು. ಅವರು ಬಳಸಿದ್ದು ಸೆಂಟೆನಿಯಲ್ ಎಂಬ ಒಂದೇ ತಳಿ, ನಿಜ. ಆದರೂ ನನ್ನ ಅನುಭವಕ್ಕೆ ಅದು ಹೊಂದುತ್ತದೆ. ನಿಮ್ಮ 19 ಲೀಟರಿಗೆ ಒಟ್ಟು 150 ಗ್ರಾಂ ಸಾಕು. ಅರ್ಧ ಫರ್ಮೆಂಟರ್‌ಗೆ, ಅರ್ಧ ಕೆಗ್‌ಗೆ.

ನಲ್ಲಿ ಕಟ್ಟಿಕೊಳ್ಳುವುದು ಚೀಲದ ತಪ್ಪು. ಪೆಲೆಟ್ ಅವಲಕ್ಕಿ ನೆನೆದ ಹಾಗೆ ಉಬ್ಬುತ್ತದೆ. ಬಿಗಿಯಾಗಿ ತುಂಬಿದರೆ ನಡುವಿನದು ಒಣಗಿಯೇ ಉಳಿದು, ಅಂಚಿನದು ಚೀಲದಿಂದ ಸೋರುತ್ತದೆ. ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕೊಳವೆ ಒಳ್ಳೆಯದು, ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಬಟ್ಟೆ ಚೀಲವೇ ಆದರೆ ದೊಡ್ಡದು ತನ್ನಿ, ಹತ್ತು ನಿಮಿಷ ಕುದಿಸಿ, ಹಿಂಡಿ ಬಳಸಿ. ಮೇಲಿನಿಂದ ಬಿಯರ್ ಎಳೆಯುವ ತೇಲುವ ಡಿಪ್ ಟ್ಯೂಬ್ ಹಾಕಿಕೊಂಡರೆ ಇನ್ನೂ ನಿಶ್ಚಿಂತೆ. ಆಗಲೂ ಮೇಲೆ ಹೇಳಿದ ಹಾಗೆಯೇ ಪೈಪ್ ಜೋಡಿಸಿ, ಗಾಳಿ ಚೆನ್ನಾಗಿಯೇ ಹೋಗುತ್ತದೆ.

ತುಂಬಿದ ಮೇಲೆ 4 ಡಿಗ್ರಿಯಲ್ಲಿ 12 ಪಿಎಸ್‌ಐ ಇಟ್ಟುಬಿಡಿ. ಮೂರನೇ ದಿನದಿಂದ ರುಚಿ ನೋಡಿ. ಮೊದಮೊದಲು ಗಂಟಲು ಸ್ವಲ್ಪ ಕೆರೆದ ಹಾಗಾದರೆ ಹಾಪ್ಸ್ ಪುಡಿ ಇನ್ನೂ ಕೂತಿಲ್ಲ ಎಂದರ್ಥ, ನಾಲ್ಕು ದಿನ ಬಿಡಿ. ಹಾಪ್ಸ್ ಹೊರಗೆ ತೆಗೆಯಬೇಕಾ? ಬೇಡ. ಹುಲ್ಲಿನ ವಾಸನೆಯ ಭಯ ಬೆಚ್ಚಗಿರುವ ಬಿಯರ್‌ಗೆ ಜಾಸ್ತಿ. ತಣ್ಣಗಿದ್ದು, ಮೂರು ನಾಲ್ಕು ವಾರದಲ್ಲಿ ಮುಗಿಯುವ ಕೆಗ್‌ನಲ್ಲಿ ಹಾಪ್ಸ್ ಉಳಿದರೆ ಆಗುವ ಕೇಡಿಗಿಂತ, ತೆಗೆಯಲು ಮುಚ್ಚಳ ಬಿಚ್ಚಿದರೆ ಆಗುವ ಕೇಡು ದೊಡ್ಡದು.

ಪ್ರಶ್ನೆ: ಇದೇ ಓದುಗರು ಇನ್ನೆರಡು ಕೇಳಿದ್ದಾರೆ. ಮೈಸೂರಿನಲ್ಲಿರುವ ಭಾವನೂ ಮನೆಯಲ್ಲಿ ಮಾಡಬಹುದಾ? ಬಳಸಿದ ಹಾಪ್ಸನ್ನು ಹಿತ್ತಲಿನ ಗಿಡಕ್ಕೆ ಹಾಕಬಹುದಾ?

ಉತ್ತರ: ಭಾವನಿಗೆ ಬೇಡ ಎನ್ನಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳು ನಡೆಯುವುದೂ ಲೈಸೆನ್ಸ್ ಮೇಲೇ. ನಿಮ್ಮಲ್ಲಿ ಮನೆಬಳಕೆಗೆ ಅವಕಾಶ ಇದೆ, ಮಾರುವ ಹಾಗಿಲ್ಲ.

ಗಿಡಕ್ಕೆ ಹಾಕಬಹುದು. ಆದರೆ ನಿಮ್ಮ ಮನೆಯಲ್ಲಾಗಲಿ ಪಕ್ಕದ ಮನೆಯಲ್ಲಾಗಲಿ ನಾಯಿ ಇದ್ದರೆ ಖಂಡಿತ ಬೇಡ. ಹಾಪ್ಸ್ ನಾಯಿಗೆ ವಿಷ. ತಿಂದರೆ ಮೈ ಬಿಸಿ ವಿಪರೀತ ಏರುತ್ತದೆ, ಜೀವಕ್ಕೇ ಅಪಾಯ. ಬಳಸಿ ತೆಗೆದ ಹಾಪ್ಸ್ ಕೂಡ ಅಷ್ಟೇ. ಚೀಲಕ್ಕೆ ಕಟ್ಟಿ, ಮುಚ್ಚಳ ಇರುವ ಕಸದ ಡಬ್ಬಿಗೆ ಹಾಕಿ. ನಾಯಿ ತಿಂದದ್ದು ಗೊತ್ತಾದರೆ ಏದುಸಿರು ಬರುವವರೆಗೆ ಕಾಯದೆ ಕೂಡಲೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.